ಎಲೆ ಉದುರಿದರೆ ಯಾರ ಮಾನ ಹೋಗುತ್ತದೆ?

ಅಂಗಳದಲ್ಲಿ ಬಿದ್ದ ಎಲೆಯನ್ನು ಎರಡು ದಿನ ಗುಡಿಸದೆ ಬಿಟ್ಟರೆ ಹೊಸಪೇಟೆಯ ಓಣಿಗಳಲ್ಲಿ ಅದು ಆ ಮನೆಯ ಹೆಂಗಸಿನ ನಡತೆಯ ಪ್ರಶ್ನೆಯಾಗಿಬಿಡುತ್ತದೆ. ‘ಇನ್ನೂ ಕಸ ಹೊಡೆದಿಲ್ಲೇನವ್ವಾ?’ ಎಂದು ಒಬ್ಬರು ಕೇಳಿದರೆ, ‘ಕ್ಯಾ ಮಾ, ಝಾಡೂ ನೈ ಮಾರೇ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಭಾಷೆ ಎರಡಾದರೂ ಆಪಾದನೆ ಒಂದೇ. ಅದೇ ಮನೆಯ ಗಂಡಸನ್ನು ಮಾತ್ರ ಯಾರೂ ಹೀಗೆ ಕೇಳುವುದಿಲ್ಲ. ಉದುರಿದ ಎಲೆಯನ್ನು ಗುಡಿಸದೆ ಮುಂದೂಡುವುದು ಸೋಮಾರಿತನವಲ್ಲ, ಹಲವು ಸಲ ಅದೇ ವಿವೇಕದ ಕೆಲಸ ಎಂಬುದು ನನ್ನ ವಾದ.

ಮೊದಲು ಕಾಲದ ಮಾತು. ಉರ್ದು ಶಾಲೆಯಲ್ಲಿ ಕಲಿತವರಿಗೆ ಎಲೆ ಉದುರುವ ಕಾಲವೆಂದರೆ ಖಿಜಾ, ಗಜಲುಗಳ ದುಃಖದ ಋತು. ಕನ್ನಡದ ಅನುವಾದಕರು ಇಂಗ್ಲಿಷಿನ ಆಟಮ್ ಅನ್ನು ಶರತ್ಕಾಲ ಎಂದು ಕರೆದರು. ಆದರೆ ಆಶ್ವಯುಜ, ಕಾರ್ತಿಕದಲ್ಲಿ ನಮ್ಮ ಮರಗಳು ಮಳೆ ಕುಡಿದು ಹಸಿರಾಗಿರುತ್ತವೆ. ನಮ್ಮ ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಬೋಳಾದ ಬೇವು ಯುಗಾದಿಯ ಹೊತ್ತಿಗೆ ಮತ್ತೆ ಚಿಗುರಿ ಹೂ ಬಿಡುತ್ತದೆ. ಅಂದರೆ ಬಿಸಿಲು ಏರಿ ನೆಲದ ತೇವ ಆರಿಹೋಗುವ ಹೊತ್ತಿಗೆ ಸರಿಯಾಗಿ ಮರ ತನ್ನ ಬುಡಕ್ಕೆ ಒಂದು ಹೊದಿಕೆ ಹಾಸುತ್ತದೆ. ನಾವು ಅದನ್ನು ಗುಡಿಸಿ, ಗುಡ್ಡೆ ಹಾಕಿ, ಬೆಂಕಿ ಇಡುತ್ತೇವೆ. ಆಮೇಲೆ ಏಪ್ರಿಲಿನಲ್ಲಿ ಗಿಡ ಒಣಗಿತೆಂದು ಕೊಡಗಟ್ಟಲೆ ನೀರು ಹೊತ್ತು ಸುರಿಯುತ್ತೇವೆ.

ಎಲೆಯನ್ನು ಉದುರಿಸುವ ಮುನ್ನ ಮರ ಅದರಲ್ಲಿರುವ ಸಾರಜನಕ, ರಂಜಕಗಳ ಒಂದು ಪಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಉಳಿದದ್ದು ಎಲೆಯೊಡನೆ ಮಣ್ಣಿಗೆ ಸಲ್ಲಬೇಕಾದದ್ದು. ಅದನ್ನು ಮಣ್ಣಿಗೆ ಮುಟ್ಟಿಸುವವರು ಗೆದ್ದಲು, ಎರೆಹುಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹಂಪಿ ನೋಡಿ ಕಮಲಾಪುರ ದಾಟಿ ಮುಂದೆ ಹೋದರೆ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಅಲ್ಲಿನ ಕರಡಿಗೆ ಗೆದ್ದಲು ಮುಖ್ಯ ಆಹಾರ, ಗೆದ್ದಲಿಗೆ ಒಣಗಿದ ಸೊಪ್ಪುಸದೆ ಆಹಾರ. ಕಾಡಿನಲ್ಲಿ ಅದೇ ಎಲೆಯನ್ನು ನಿಸರ್ಗ ಸಂಪತ್ತು ಎನ್ನುವವರು ಊರಿಗೆ ಬಂದ ಕೂಡಲೇ ಅದನ್ನು ಕಸ ಎನ್ನುತ್ತಾರೆ. ಬದಲಾದದ್ದು ಎಲೆಯಲ್ಲ, ನೋಡುವವರ ದೃಷ್ಟಿ.

ಈ ಕಸ ಬಳಿಯುವವರು ಯಾರು? ಮನೆಯೊಳಗೆ ಹೆಂಗಸರು, ಬೀದಿಯಲ್ಲಿ ಪೌರಕಾರ್ಮಿಕರು. ಈಚಿನ ವರ್ಷಗಳಲ್ಲಿ ಶಬೆಬರಾತ್ ಮತ್ತು ರಮಜಾನ್ ಫೆಬ್ರುವರಿ, ಮಾರ್ಚಿನ ಆಸುಪಾಸಿಗೇ ಬರುತ್ತಿವೆ. ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವಳು, ರೋಜಾ ಹಿಡಿದುಕೊಂಡೇ ಬೆಳಿಗ್ಗೆ ಅಂಗಳ ಗುಡಿಸಿ, ಇಫ್ತಾರಿಗೆ ನೆಂಟರು ಬರುತ್ತಾರೆಂದು ಸಂಜೆ ಮತ್ತೆ ಬಗ್ಗುತ್ತಾಳೆ. ಮಧ್ಯಾಹ್ನದ ಗಾಳಿಗೆ ಬೇವು ಅಷ್ಟೇ ಎಲೆಯನ್ನು ಮತ್ತೆ ಸುರಿದಿರುತ್ತದೆ. ಕೊನೆಯಿಲ್ಲದ ಈ ಕೆಲಸಕ್ಕೆ ಗೃಹಿಣಿಯ ಗುಣ ಎಂದು ಹೆಸರಿಟ್ಟವರು ಕಸಬರಿಗೆ ಹಿಡಿದವರಂತೂ ಅಲ್ಲ.

ಬೀದಿಯಲ್ಲಿ ಗುಡ್ಡೆಯಾದ ಎಲೆಗೆ ಬೆಂಕಿ ಬೀಳುತ್ತದೆ. ಹಸಿ ಎಲೆ, ಒಣ ಎಲೆ, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಚೀಲ ಎಲ್ಲ ಒಟ್ಟಿಗೆ ಹೊಗೆಯಾಡುತ್ತವೆ. ಆ ಹೊಗೆ ಮೊದಲು ಹೋಗುವುದು ಪೊರಕೆ ಹಿಡಿದವರ ಎದೆಗೆ, ಆಮೇಲೆ ಪಕ್ಕದ ಮನೆಯ ದಮ್ಮಿನ ಮುದುಕರ ಎದೆಗೆ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿತು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಬೇರೆಯಾಗಿಡಬೇಕು, ಸುಡಬಾರದು ಎಂದವು. ಆದರೂ ಎಲೆ ಸುಟ್ಟವನನ್ನು ಓಣಿಯಲ್ಲಿ ಯಾರೂ ಆಡಿಕೊಳ್ಳುವುದಿಲ್ಲ, ಎಲೆ ಬಿಟ್ಟವಳನ್ನು ಆಡಿಕೊಳ್ಳುತ್ತಾರೆ.

ನಮ್ಮ ಮೊಹಲ್ಲಾಗಳಿಗೆ ಈ ಮಾತು ಇನ್ನಷ್ಟು ಚುಚ್ಚುತ್ತದೆ. ಮುಸ್ಲಿಮರ ಓಣಿ ಎಂದರೆ ಗಲೀಜು ಎಂಬ ಮಾತನ್ನು ಕೇಳಿ ಕೇಳಿ ನಾವೇ ನಂಬಿದ್ದೇವೆ. ಆ ಹೆದರಿಕೆಯಿಂದ ನೆಲ ಕೆರೆದು ಬೋಳಿಸುತ್ತೇವೆ. ಜುಮ್ಮಾ ಬಯಾನಿನಲ್ಲಿ ಶುಚಿತ್ವ ಈಮಾನಿನ ಅರ್ಧ ಭಾಗವೆಂದು ಕೇಳುತ್ತೇವೆ. ಒಪ್ಪೋಣ. ಆದರೆ ಫಿಕಹ್ ಬಲ್ಲವರನ್ನು ಕೇಳಿ: ಮರದ ಎಲೆ ನಜಾಸತ್ತೇ? ತಾನಾಗಿ ಉದುರಿದ ಎಲೆ ಬಿದ್ದ ಮಾತ್ರಕ್ಕೆ ಹೌಜಿನ ನೀರು ವುಜೂಗೆ ಬಾರದಂತಾಗುವುದಿಲ್ಲ. ನೀರಿಲ್ಲದಾಗ ತಯಮ್ಮುಮಿಗೆ ಮಣ್ಣೇ ಸಾಕು. ಮಣ್ಣನ್ನೇ ಪಾಕ್ ಎಂದು ಒಪ್ಪಿದ ದೀನಿನವರು ಅದರ ಮೇಲಿನ ಎಲೆಗೆ ಹೇಸುವುದೇಕೆ? ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಸದಕಾ. ಗಾಜಿನ ಚೂರು, ಮುಳ್ಳು ಸರಿಸಬೇಕು, ನಿಜ. ಹೊಗೆ ಎಬ್ಬಿಸುವುದು ದಾರಿಯಲ್ಲಿ ತೊಂದರೆ ತಂದಿಟ್ಟಂತೆ.

ಕಣ್ಣಿಗೆ ಕಾಣುವ ಸ್ವಚ್ಛತೆ ಎಂಥ ನಾಟಕವಾಗಬಲ್ಲದು ಎಂಬುದನ್ನು 2014ರ ನವೆಂಬರಿನಲ್ಲಿ ದೆಹಲಿ ತೋರಿಸಿತು. ಇಂಡಿಯಾ ಇಸ್ಲಾಮಿಕ್ ಕಲ್ಚರಲ್ ಸೆಂಟರ್ ಎದುರಿನ ಸ್ವಚ್ಛ ರಸ್ತೆಗೆ ಮೊದಲು ಒಣ ಎಲೆ, ಕಸ ತಂದು ಸುರಿದು, ಆಮೇಲೆ ನಾಯಕರು ಉದ್ದನೆಯ ಪೊರಕೆ ಹಿಡಿದು ಗುಡಿಸಿದ್ದು ಪತ್ರಿಕೆಗಳಲ್ಲಿ ಚಿತ್ರಸಹಿತ ಬಂತು.

ನಮ್ಮ ಸೀಮೆಯನ್ನೇ ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೆ ಅದಿರಿನ ಲಾರಿಗಳು ಸಂಡೂರು ಹೊಸಪೇಟೆ ದಾರಿಯ ಮರಗಳನ್ನು ಕೆಂಪಾಗಿಸಿದ್ದವು. ಎಲೆಯ ಮೇಲಿನ ಆ ಧೂಳನ್ನು ಅಭಿವೃದ್ಧಿ ಎಂದು ಕರೆದವರಿದ್ದರು. ಅತ್ತ ಕಂಪ್ಲಿಯ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚಬೇಡಿ, ಸಾಲುಗಳಲ್ಲಿ ಹೊದಿಸಿ ಕೊಳೆಸಿರಿ ಎಂದು ಕೃಷಿ ತಜ್ಞರು ರೈತರಿಗೆ ಹೇಳುತ್ತಾರೆ. ರೈತನಿಗೆ ಹೇಳುವ ಬುದ್ಧಿ ಪೇಟೆಯ ಅಂಗಳಕ್ಕೆ ಅನ್ವಯಿಸುವುದಿಲ್ಲವೇ?

ಎಲೆಯಡಿ ಹಾವು ಚೇಳು ಸೇರುತ್ತವೆ ಎಂಬ ಆಕ್ಷೇಪವಿದೆ. ಅದು ಬರಿಯ ನೆಪವಲ್ಲ. ಕಲ್ಲುಗುಡ್ಡಗಳ ನಾಡಿನವರಿಗೆ ಆ ಭಯ ಗೊತ್ತು. ಆದ್ದರಿಂದ ಹೊಸ್ತಿಲು, ಓಡಾಡುವ ದಾರಿ, ಮಕ್ಕಳು ಆಡುವ ಜಾಗ ಗುಡಿಸಲೇಬೇಕು. ಮುಂಗಾರಿಗೆ ಮುನ್ನ ಚರಂಡಿ, ಮಾಳಿಗೆಯ ನೀರಿನ ದೋಣಿ ಬಳಿಯಲೇಬೇಕು. ಪ್ಲಾಸ್ಟಿಕ್ಕನ್ನು ಅಂದಂದೇ ಆರಿಸಬೇಕು. ಉಳಿದ ಎಲೆ ಮರದ ಬುಡದಲ್ಲಿರಲಿ, ಇಲ್ಲವೇ ಗೋಡೆಯಿಂದ ದೂರ ಒಂದು ಗುಂಡಿಗೆ ಹೋಗಲಿ. ಒಣ ಎಲೆ ತಾನಾಗಿ ಬೇಗ ಕೊಳೆಯದು. ನಡುನಡುವೆ ಅಡುಗೆಮನೆಯ ಸಿಪ್ಪೆ, ಸಗಣಿ ನೀರು ಹಾಕಿ ತೇವ ಉಳಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿಗುತ್ತದೆ. ನಮ್ಮ ಹಿರಿಯರ ತಿಪ್ಪೆಗುಂಡಿಯೂ ಇದೇ ಆಗಿತ್ತು.

ಅಂಗಳವೇ ಇಲ್ಲದ ಮನೆಗಳಿಗೆ ನಗರಸಭೆ, ಪುರಸಭೆಗಳು ವಾರ್ಡಿಗೊಂದು ಎಲೆಗುಂಡಿ ತೋಡಿಕೊಡಲಿ. ಜಮಾತ್ ಕಮಿಟಿಗಳು ಖಬರಸ್ತಾನ್, ಈದ್‌ಗಾಗಳ ಮೂಲೆಯಿಂದ ಆರಂಭಿಸಬಹುದು. ಶಬೆಬರಾತಿಗೆ ಖಬರಸ್ತಾನ್ ಶುಚಿಗೊಳಿಸುವಾಗ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಇನ್ನು ಅಂಗಳದಲ್ಲಿ ಎಲೆ ಕಂಡು ಸಹಿಸಲಾಗದ ಗಂಡಸರಿಗೆ ಒಂದು ಮಾತು: ಕಸಬರಿಗೆ ಬಾಗಿಲ ಹಿಂದೆಯೇ ಇದೆ. ಎತ್ತಿಕೊಳ್ಳಿ, ಗುಡಿಸಿ; ಗುಡಿಸಿದ್ದನ್ನು ಗುಂಡಿಗೆ ಹಾಕಿ.