ಭಾನುವಾರದ ಪೈಲಟರನ್ನು ಹಗುರ ಮಾಡಬೇಡಿ

ಬಿಡುವಿನಲ್ಲಿ ಮಾಡುವ ಕೆಲಸ ಅಂದರೆ ಅರೆಬರೆ ಕೆಲಸ ಅನ್ನೋ ಮಾತು ನನಗೆ ಆಗದು. ಇಂಥ ಮಾತು ಮುಂದಿಟ್ಟುಕೊಂಡೇ ಬ್ರಿಟನ್ ಸರ್ಕಾರ 1957ರ ಮಾರ್ಚ್ 10ರಂದು ಇಪ್ಪತ್ತು ಯುದ್ಧವಿಮಾನ ದಳಗಳನ್ನು ಮುಚ್ಚಿತು.

ಅವು ಸಹಾಯಕ ವಾಯುಪಡೆಯ ದಳಗಳು. ವಾರವೆಲ್ಲ ಬೇರೆ ಕಸುಬು ಮಾಡಿ ಶನಿವಾರ, ಭಾನುವಾರ ವಿಮಾನ ಹಾರಿಸುವವರ ಪಡೆ. ಇವರೇನು ಶೋಕಿಗೆ ಹಾರಿದವರೇ? 1939ರ ಅಕ್ಟೋಬರ್ 16ರಂದು ಸ್ಕಾಟ್ಲೆಂಡಿನ ಕರಾವಳಿಗೆ ನುಗ್ಗಿದ ಜರ್ಮನ್ ಬಾಂಬರುಗಳನ್ನು ಕೆಡವಿದ್ದು ಗ್ಲಾಸ್ಗೋ ಮತ್ತು ಎಡಿನ್‌ಬರೋ ನಗರಗಳ ಇಂಥ ದಳಗಳೇ.

ಯುದ್ಧ ಮುಗಿದು 1946ರಲ್ಲಿ ಪಡೆಯನ್ನು ಮತ್ತೆ ಕಟ್ಟಿದರು. ಮೊದಲು ಕೈಗೆ ಬಂದದ್ದು ಹೆಚ್ಚಾಗಿ ಪ್ರೊಪೆಲ್ಲರಿನ ಸ್ಪಿಟ್‌ಫೈರ್. 1948ರಲ್ಲಿ 605ನೇ ದಳಕ್ಕೆ ವ್ಯಾಂಪೈರ್, 500ನೇ ದಳಕ್ಕೆ ಮೀಟಿಯೋರ್ ಜೆಟ್ ಬಂದವು. ಕೆಲವೇ ವರ್ಷಗಳಲ್ಲಿ ಉಳಿದವರಿಗೂ ಬಂತು. ಇದು ಒಂದು ಬಸ್ಸು ಇಳಿದು ಇನ್ನೊಂದು ಹತ್ತಿದ ಹಾಗಲ್ಲ. ಪ್ರೊಪೆಲ್ಲರ್ ವಿಮಾನದಲ್ಲಿ ಥ್ರಾಟಲ್ ತಳ್ಳಿದ ಕೂಡಲೇ ಎಂಜಿನ್ ಓಗೊಡುತ್ತದೆ. ಆ ಕಾಲದ ಜೆಟ್ ಎಂಜಿನ್ ತಡವಾಗಿ ಏಳುತ್ತಿತ್ತು. ಇಳಿಯುವಾಗ ವೇಗ ತಪ್ಪಿದರೆ ಮುಗೀತು. ಇಂಧನವೂ ಬೇಗ ಖಾಲಿ. ವ್ಯಾಂಪೈರ್ ಯುದ್ಧವಿಮಾನದಲ್ಲಿ ಒಂದೇ ಸೀಟು, ಹೇಳಿಕೊಡುವ ಮೇಷ್ಟ್ರು ಜೊತೆಗೆ ಕೂರುವ ಹಾಗಿಲ್ಲ. ಇಂಥದ್ದನ್ನು ಅವರು ಬಿಡುವಿನಲ್ಲೇ ಪಳಗಿಸಿದರು. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1951ರಲ್ಲಿ, ಮೂರು ತಿಂಗಳ ಪೂರ್ಣ ಸೇವೆಗೆ ಕರೆದಾಗ ಬಂದು ನಿಂತರು.

ಕೊನೆಗೆ ಸಿಕ್ಕ ಉತ್ತರ ಏನು? ಹೊಸ ಜೆಟ್‌ಗಳು ದುಬಾರಿ, ಜಟಿಲ. ವಾರಾಂತ್ಯದ ಅಭ್ಯಾಸ ಅದಕ್ಕೆ ಸಾಲದು ಅಂತ. ಮುಂದಿನ ತಿಂಗಳೇ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡ್ಸ್ ಪೈಲಟರಿಗಿಂತ ಕ್ಷಿಪಣಿಗಳನ್ನೇ ನೆಚ್ಚಿದ ಶ್ವೇತಪತ್ರ ಹೊರಡಿಸಿದರು.

ದುಬಾರಿ ಅನ್ನೋದನ್ನು ಒಪ್ಪುತ್ತೇನೆ. ಖಜಾನೆ ಬರಿದಾದರೆ ಯಾರೇನು ಮಾಡೋಕಾಗುತ್ತೆ? ಅಪಘಾತಗಳಲ್ಲಿ ಜೀವ ಹೋದದ್ದೂ ನಿಜ. ಆದರೆ ಮೀಟಿಯೋರ್ ಹಾರಿಸುತ್ತಾ ಪೂರ್ಣಾವಧಿ ಪೈಲಟರೂ ಬಹಳ ಮಂದಿ ಸತ್ತರು. 'ಅಭ್ಯಾಸ ಸಾಲದು' ಅನ್ನೋದನ್ನು ಮಾತ್ರ ಒಪ್ಪಲಾರೆ. ನಾಲ್ಕೇ ವರ್ಷಕ್ಕೆ, 1961ರ ಬರ್ಲಿನ್ ಬಿಕ್ಕಟ್ಟಿನಲ್ಲಿ, ಅಮೆರಿಕದ ಏರ್ ನ್ಯಾಷನಲ್ ಗಾರ್ಡಿನ ಅರೆಕಾಲಿಕ ಪೈಲಟರನ್ನು ಸೇವೆಗೆ ಕರೆದರು. ಅವರು ಶಬ್ದದ ಎರಡು ಪಟ್ಟು ವೇಗದ ಎಫ್-104 ಜೆಟ್‌ಗಳೊಂದಿಗೆ ಯುರೋಪಿನಲ್ಲಿ ಕಾವಲು ನಿಂತರು. ಅಮೆರಿಕದ ಬಿಡುವಿನವರಿಗೆ ಆದದ್ದು ಬ್ರಿಟನ್ನಿನ ಬಿಡುವಿನವರಿಗೆ ಆಗುತ್ತಿರಲಿಲ್ಲವೇ?

ದುಡ್ಡಿಲ್ಲ ಅಂತ ಹೇಳಿ ಕಳಿಸಿದ್ದರೆ ಸಾಕಿತ್ತು. ದುಡ್ಡಿಲ್ಲದ್ದು ಸರ್ಕಾರದ ಕೊರತೆ. ಅದನ್ನು ದುಡಿದವರ ಕೈಯ ಕೊರತೆ ಅಂತ ಬರೆದಿಡುವುದು ಅನ್ಯಾಯ.