ತಕರಾರು ಬರೆಯುವ ರೀತಿ



ನಮ್ಮ ಮನೆತನಗಳಲ್ಲಿ ಅಂಗಡಿಯ ಗಾದಿಯ ಮೇಲೆ ಕೂಡುವ ಹುಡುಗರು ಕಡಿಮೆಯಾಗಿ, ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಕಂಪ್ಯೂಟರ್ ಮುಂದೆ ಕೂಡುವವರು ಹೆಚ್ಚಾಗಿದ್ದಾರೆ. ದಿನಕ್ಕೆ ಎಂಟು ಹತ್ತು ತಾಸು ಅವರು ಏನನ್ನು ನೋಡುತ್ತ ಕೂಡುತ್ತಾರೆ ಎಂದರೆ ಮನೆಯ ಹಿರಿಯರಿಗೆ ಹೇಳಲು ಬಾರದು. ಅದರ ಹೆಸರು ಕೋಡ್ ಎಡಿಟರ್. ದಿವಾಣಜಿಗೆ ಕಿರ್ದಿ ವಹಿ ಹೇಗೋ, ಪ್ರೋಗ್ರಾಮ್ ಬರೆಯುವವನಿಗೆ ಇದು ಹಾಗೆ. ವ್ಯತ್ಯಾಸವೆಂದರೆ, ನಮ್ಮ ವಹಿ ದೀಪಾವಳಿಗೊಮ್ಮೆ ಬದಲಾಗುತ್ತಿತ್ತು. ಇವರ ಎಡಿಟರ್ ವರ್ಷದಲ್ಲಿ ಎಷ್ಟೋ ಸಲ ಬದಲಾಗುತ್ತದೆ. ಬದಲಾದಾಗ ಹೊಸ ಸೌಕರ್ಯಗಳ ಜೊತೆಗೆ ಒಂದೆರಡು ಹೊಸ ದೋಷಗಳೂ ಬರುತ್ತವೆ. ದೋಷಕ್ಕೆ ಅವರು 'ಬಗ್', ಅಂದರೆ ಹುಳು ಎನ್ನುತ್ತಾರೆ. ಕಾಳಿನ ವ್ಯಾಪಾರ ಮಾಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ನಾವು ಬರೆಯಹೊರಟದ್ದು ಆ ದೋಷವನ್ನು ಎಡಿಟರ್ ತಯಾರಿಸಿದವರಿಗೆ ತಿಳಿಸುವ ರೀತಿಯ ಬಗ್ಗೆ. ನಮ್ಮ ತಮ್ಮನ ಮಗ ಪುಣೆಯಲ್ಲಿ ಇದೇ ಉದ್ಯೋಗದಲ್ಲಿದ್ದಾನೆ. ಅವನನ್ನು ಕೂಡಿಸಿಕೊಂಡು ಕೇಳಿ ತಿಳಿದದ್ದು ಹೆಚ್ಚು, ಓದಿ ತಿಳಿದದ್ದು ಸ್ವಲ್ಪ.

ಮೈಕ್ರೋಸಾಫ್ಟ್ ಕಂಪನಿಯ 'ವಿಷುವಲ್ ಸ್ಟುಡಿಯೋ ಕೋಡ್' ಬಹಳ ಜನ ಬಳಸುವ ಎಡಿಟರ್. 2015ರ ಏಪ್ರಿಲ್‌ನಲ್ಲಿ ಅದನ್ನು ಮೊದಲು ತೋರಿಸಿದರು. 2016ರ ಏಪ್ರಿಲ್‌ನಲ್ಲಿ 1.0 ಎಂಬ ಪೂರ್ಣ ಆವೃತ್ತಿ ಬಂತು. ಆಮೇಲೆ ವರ್ಷಗಟ್ಟಲೆ ತಿಂಗಳಿಗೊಂದರಂತೆ ಹೊಸ ಆವೃತ್ತಿ ಹೊರಬೀಳುತ್ತ ಹೋಯಿತು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ವಿಶೇಷವೆಂದರೆ ಅದರ ತಕರಾರು ವಹಿ ಎಲ್ಲರ ಮುಂದೆ ತೆರೆದೇ ಇರುತ್ತದೆ. ಯಾರು ಏನು ದೂರಿದರು, ಕಂಪನಿಯವರು ಏನು ಉತ್ತರ ಕೊಟ್ಟರು, ಇನ್ನೂ ಎಷ್ಟು ಸಾವಿರ ಬಾಕಿ ಉಳಿದಿವೆ, ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. ನಮ್ಮ ಪೇಠೆಯಲ್ಲಿ ಯಾವ ಅಂಗಡಿಯವನು ಗಿರಾಕಿಗಳ ತಕರಾರನ್ನು ಹೀಗೆ ಬಾಗಿಲಿಗೆ ಅಂಟಿಸಿಯಾನು?

ಹೊಸ ಆವೃತ್ತಿ ಹೊರಡುವ ಮೊದಲು ತಯಾರಕರು ತಾವೇ ಕೆಲವು ದಿನ ಕುಳಿತು ಪರೀಕ್ಷೆ ಮಾಡುತ್ತಾರೆ. ಧೈರ್ಯವಿದ್ದವರಿಗಾಗಿ 'ಇನ್‌ಸೈಡರ್ಸ್' ಎಂಬ ಬೇರೆ ಪ್ರತಿ ಉಂಟು. ಅದರಲ್ಲಿ ಆಯಾ ದಿನದ ಹಸಿ ಮಾಲೇ ಸಿಗುತ್ತದೆ. ಇಷ್ಟಾದರೂ ದೋಷ ಉಳಿಯುತ್ತದೆ. ಎಡಿಟರ್ ಒಂದೇ ಆದರೂ ಅದು ಓಡುವ ಯಂತ್ರಗಳು ನೂರಾರು ತರಹದವು. ಕಂಪನಿಯ ಮೇಜಿನ ಮೇಲೆ ನೆಟ್ಟಗೆ ನಡೆದದ್ದು ಇನ್ನೊಬ್ಬನ ಹಳೆಯ ಯಂತ್ರದಲ್ಲಿ ನಿಂತುಬಿಡುತ್ತದೆ. ಅದನ್ನು ಕಂಡವನು ಆ ಇನ್ನೊಬ್ಬನೇ, ಹೇಳಬೇಕಾದವನೂ ಅವನೇ.

ಹೇಳುವುದು ಹೇಗೆ? ಬಹಳ ಜನ ಬರೆಯುವುದು, 'ಹೊಸ ಆವೃತ್ತಿ ಪೂರ್ತಿ ಕೆಟ್ಟಿದೆ, ಕೂಡಲೇ ಸರಿಮಾಡಿ' ಎಂದು. ಬಿಜಕದ ನಂಬರಿಲ್ಲ, ತಾಕೆಯ ನಂಬರಿಲ್ಲ, 'ನಿಮ್ಮ ಮಾಲು ಸರಿ ಇಲ್ಲ' ಎಂದು ಕಾರ್ಡು ಬರೆದರೆ ಗಿರಣಿಯವನು ಏನು ಮಾಡಬೇಕು? ಆದ್ದರಿಂದ ಆ ಎಡಿಟರಿನವರು ಒಂದು ನಮೂನೆ ಇಟ್ಟಿದ್ದಾರೆ. ಎಡಿಟರಿನ ಆವೃತ್ತಿ ಯಾವುದು, ಯಂತ್ರದ ವ್ಯವಸ್ಥೆ ಯಾವುದು, ಹೊರಗಿನ ಜೋಡಣೆಗಳನ್ನೆಲ್ಲ ಮುಚ್ಚಿದಾಗಲೂ ದೋಷ ಬರುತ್ತದೆಯೇ, ಏನೇನು ಒತ್ತಿದರೆ ಬರುತ್ತದೆ ಎಂದು ಅದರಲ್ಲಿ ಕೇಳುತ್ತಾರೆ. ಸಹಾಯದ ಪಟ್ಟಿಯಲ್ಲಿರುವ ದೂರಿನ ಗುಂಡಿ ಒತ್ತಿದರೆ ಇದರಲ್ಲಿ ಕೆಲವನ್ನು ಎಡಿಟರೇ ತುಂಬಿಕೊಡುತ್ತದೆ. ಕೊನೆಯದನ್ನು ಮಾತ್ರ ಮನುಷ್ಯನೇ ಬರೆಯಬೇಕು.

ನಮ್ಮ ಕನ್ನಡದಿಂದಲೇ ಒಂದು ಉದಾಹರಣೆ ಕೊಡೋಣ. 'ಕನ್ನಡ ಸರಿಯಾಗಿ ಬರುವುದಿಲ್ಲ' ಎಂದರೆ ಯಾರಿಗೂ ಏನೂ ತಿಳಿಯದು. 'ಖಾಲಿ ಫೈಲ್ ತೆರೆದೆ, ಕ್ಷ ಎಂದು ಬರೆದೆ, ಅಳಿಸುವ ಕೀಲಿ ಒಂದು ಸಲ ಒತ್ತಿದೆ, ಇಡೀ ಅಕ್ಷರ ಹೋಗಬೇಕೆಂದುಕೊಂಡಿದ್ದೆ, ಅರ್ಧ ಉಳಿಯಿತು' ಎಂದರೆ ಅಮೆರಿಕದಲ್ಲಿ ಕೂತವನೂ ಮಾಡಿ ನೋಡಬಹುದು. ಇದಕ್ಕೆ ಬರುವ ಉತ್ತರ, 'ಇದು ದೋಷವಲ್ಲ' ಎಂದೇ ಇರಬಹುದು. ನಮ್ಮ ಕಣ್ಣಿಗೆ ಕ್ಷ ಒಂದೇ ಅಕ್ಷರ. ಯುನಿಕೋಡ್ ಪ್ರಕಾರ ಅದು ಕ, ನಡುವಿನ ಅರ್ಧಚಿಹ್ನೆ, ಷ ಎಂಬ ಮೂರು ತುಂಡು, ಮತ್ತು ಆ ಕೀಲಿ ಒಂದು ಸಲಕ್ಕೆ ಒಂದೇ ತುಂಡನ್ನು ತೆಗೆಯುತ್ತದೆ. ಸರಿ, ಆದರೆ ನಾವು ಏನು ಅಪೇಕ್ಷಿಸಿದ್ದೆವು ಎಂದು ಬರೆದದ್ದರಿಂದಲೇ ಆ ಉತ್ತರವಾದರೂ ಬಂತು. ಈ ಒತ್ತಕ್ಷರಗಳನ್ನು ಹಗುರವಾಗಿ ಕಾಣಬಾರದು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಒತ್ತಕ್ಷರ ಸಂದೇಶದಲ್ಲಿ ಬಂದರೆ ಆ್ಯಪಲ್ ಕಂಪನಿಯ ಐಫೋನಿನಲ್ಲಿ ಆ ಸಂದೇಶದ ಆ್ಯಪ್ ಮುಚ್ಚಿಹೋಗುತ್ತಿತ್ತು. ಯಾವ ಅಕ್ಷರ ಎಂದು ಬೊಟ್ಟು ಮಾಡಿ ತೋರಿಸಲು ಬರುತ್ತಿತ್ತು. ಅದೇ ತಿಂಗಳು ತಿದ್ದುಪಡಿ ಬಂತು.

ಮೇಲೆ ಹೊರಗಿನ ಜೋಡಣೆಗಳ ಮಾತು ಬಂತಲ್ಲ, ಅದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಬೇರೆ ಬೇರೆ ಜನ ಬರೆದು ಕೊಟ್ಟದ್ದನ್ನು ಒಬ್ಬೊಬ್ಬನು ಇಪ್ಪತ್ತು ಮೂವತ್ತು ಹಾಕಿಕೊಂಡಿರುತ್ತಾನೆ. ದೋಷ ಎಡಿಟರಿನದೋ ಇವುಗಳಲ್ಲಿ ಒಂದರದೋ ಎಂಬುದು ದೊಡ್ಡ ಜಗಳ. ಅದನ್ನು ಹುಡುಕಲು ಎಡಿಟರಿನಲ್ಲೇ ಒಂದು ಉಪಾಯ ಇಟ್ಟಿದ್ದಾರೆ. ತಮ್ಮನ ಮಗ ಇದನ್ನು ಹೇಳಿದಾಗ ನಮಗೆ ಹಳೆಯ ದಿವಾಣಜಿಗಳ ನೆನಪಾಯಿತು. ವರ್ಷದ ಜಮಾ ಖರ್ಚು ತಾಳೆಯಾಗದಿದ್ದರೆ ಅವರು ಮೊದಲ ಪುಟದಿಂದ ತಿರುವುತ್ತಿರಲಿಲ್ಲ. ಮೊದಲ ಆರು ತಿಂಗಳು ತಾಳೆಯಾಗುತ್ತದೆಯೋ ನೋಡುತ್ತಿದ್ದರು. ಆದರೆ ಫರಕು ಉಳಿದ ಆರು ತಿಂಗಳಲ್ಲಿದೆ. ಅದನ್ನು ಮತ್ತೆ ಅರ್ಧ, ಮತ್ತೆ ಅರ್ಧ. ಎಡಿಟರೂ ಹೀಗೆಯೇ ಅರ್ಧ ಜೋಡಣೆಗಳನ್ನು ಮುಚ್ಚಿ 'ಈಗ ಸರಿಯೇ, ಇನ್ನೂ ಕೆಟ್ಟಿದೆಯೇ' ಎಂದು ಕೇಳುತ್ತದೆ. 32 ಜೋಡಣೆಗಳಿದ್ದರೆ ಐದು ಪ್ರಶ್ನೆಯೊಳಗೆ ಒಂದಕ್ಕೆ ಬಂದು ನಿಲ್ಲುತ್ತದೆ. ಆಗ ತಕರಾರನ್ನು ಕಂಪನಿಗೆ ಬರೆಯುವ ಬದಲು ಆ ಜೋಡಣೆ ಮಾಡಿದವನಿಗೆ ಬರೆಯಬೇಕು. ಅವನು ಎಷ್ಟೋ ಸಲ ಒಂಟಿ ಮನುಷ್ಯ, ಸಂಬಳವಿಲ್ಲದೆ ರಾತ್ರಿ ಕೂತು ಮಾಡಿದವನು. ಅವನ ಮೇಲೆ ರೇಗಿ ಬರೆಯುವವರನ್ನು ಕಂಡರೆ ನಮಗೆ ಸೋಜಿಗ. ಪುಕ್ಕಟೆ ನೀರು ಕೊಟ್ಟವನಿಗೆ ಬೆಲ್ಲ ಕೊಡಲಿಲ್ಲವೆಂದು ಬಯ್ದ ಹಾಗೆ.

ಒಂಟಿ ಮನುಷ್ಯ ಎಂದರೆ ವಿಮ್ ಎಂಬ ಎಡಿಟರ್ ಮಾಡಿದ ಬ್ರಾಮ್ ಮೂಲೆನಾರ್ ಅವರನ್ನು ಹೇಳಬೇಕು. ನೆದರ್ಲೆಂಡ್ಸ್‌ನವರು. 1991ರಲ್ಲಿ ಮೊದಲ ಪ್ರತಿ ಹೊರಗೆ ಬಿಟ್ಟರು, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದರ ಹೊಣೆ ಬಿಡಲಿಲ್ಲ. ಬೆಲೆ ತೆಗೆದುಕೊಳ್ಳಲಿಲ್ಲ, ಮನಸ್ಸಿದ್ದರೆ ಉಗಾಂಡ ದೇಶದ ಬಡ ಮಕ್ಕಳಿಗೆ ಸಹಾಯ ಮಾಡಿ ಎಂದು ಕೇಳಿಕೊಂಡರು. ದೋಷ ತಿಳಿಸುವವರಿಗೆ ಕೈಪಿಡಿಯಲ್ಲಿ ಅವರು ಹೇಳಿದ್ದು ಶುದ್ಧ ವ್ಯಾಪಾರಿಯ ಲೆಕ್ಕ: ಪತ್ರಕ್ಕೆ ಉತ್ತರ ಬರೆಯಲು ಹೋದ ಹೊತ್ತು ಎಡಿಟರ್ ಸುಧಾರಿಸುವ ಹೊತ್ತಿನಿಂದ ವಜಾ ಆಗುತ್ತದೆ, ಆದ್ದರಿಂದ ಚಿಕ್ಕದಾಗಿ ಬರೆಯಿರಿ, ಮಾಡಿ ನೋಡಲು ಬರುವ ಉದಾಹರಣೆ ಕೊಡಿ. ಅವರ ನಂತರ 2024ರ ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಉಳಿದವರು ಅವರಿಗೇ ಅರ್ಪಿಸಿದರು.

ದೋಷ ತೋರಿಸಿದವರಿಗೆ ದುಡ್ಡು ಕೊಟ್ಟವರೂ ಇದ್ದಾರೆ. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕ್ನೂತ್ ಪುಸ್ತಕ ಅಚ್ಚು ಜೋಡಿಸುವ ಟೆಕ್ ಎಂಬ ಪ್ರೋಗ್ರಾಮ್ ಬರೆದು, ಅದರಲ್ಲಿ ಹೊಸ ದೋಷ ಕಂಡುಹಿಡಿದವರಿಗೆ ಮೊದಲು 2 ಡಾಲರ್ 56 ಸೆಂಟ್ ಕೊಟ್ಟರು. ಆಮೇಲೆ ಮೊತ್ತವನ್ನು ಇಮ್ಮಡಿಸುತ್ತ 327 ಡಾಲರ್ 68 ಸೆಂಟಿಗೆ ತಂದು ನಿಲ್ಲಿಸಿದರು. ತಮ್ಮ ತಪ್ಪುಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟು 1989ರಲ್ಲಿ ಅದನ್ನೂ ಅಚ್ಚು ಹಾಕಿಸಿದರು. ಅವರ ಚೆಕ್ಕುಗಳನ್ನು ಎಷ್ಟೋ ಜನ ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಅಂಗಡಿ ನಡೆಸುವವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳುವ ಬಂಧುಗಳಿಗೆ ಕಳೆದ ವರ್ಷದ ಸಂಗತಿ ಹೇಳುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಸಾವಿರ ರೂಪಾಯಿ ಮೇಲ್ಪಟ್ಟು 2,500ರವರೆಗಿನ ಸಿದ್ಧ ಉಡುಪಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಬಿಲ್ ಮಾಡುವ ಸಾಫ್ಟ್‌ವೇರಿನವರು ಹೊಸ ಆವೃತ್ತಿ ಕಳಿಸಿದರು. ಹೊಸ ಬಿಲ್ಲುಗಳು ಸರಿ ಬಂದವು. ಆದರೆ ಮೊದಲೇ ಮಾರಿದ ಮಾಲನ್ನು ಚಿಲ್ಲರೆ ಅಂಗಡಿಯವರು ಮರಳಿಸಿದರೆ, ಹಳೆಯ ದರ ಹಿಡಿಯಬೇಕಾದಲ್ಲಿ ಅದು ಹೊಸ ದರ ಹಿಡಿಯುತ್ತಿತ್ತು. 1,500 ರೂಪಾಯಿಯ ಒಂದು ಡ್ರೆಸ್ಸಿಗೆ 180 ಬದಲು 75. ಒಂದೊಂದಕ್ಕೆ 105 ರೂಪಾಯಿ ಫರಕು. 11ನೇ ತಾರೀಖಿನೊಳಗೆ ಸರ್ಕಾರಕ್ಕೆ ಲೆಕ್ಕ ತುಂಬುವುದಿತ್ತು. ದಿವಾಣಜಿ ಮೂರು ಸಲ ಫೋನ್ ಮಾಡಿದರು. ಮೂರೂ ಸಲ 'ಬಂದ್ ಮಾಡಿ ಚಾಲು ಮಾಡ್ರಿ' ಎಂಬ ಉತ್ತರ.

ದಸರೆಗೆ ಬಂದಿದ್ದ ತಮ್ಮನ ಮಗ, "ದೊಡ್ಡಪ್ಪಾ, ತಪ್ಪ ಐತಿ ಅಂತ ಹೇಳಿದ್ರ ಅವರಿಗೆ ತಿಳಿಯೂದಿಲ್ರೀ, ತಪ್ಪ ಮಾಡಿ ತೋರಸಬೇಕು" ಎಂದ. ಅದೇ ಸಾಫ್ಟ್‌ವೇರಿನಲ್ಲಿ ಖಾಲಿ ಖಾತೆಯೊಂದನ್ನು ತೆರೆದ. ಸೆಪ್ಟೆಂಬರ್ 15ರ ತಾರೀಖಿನ ಒಂದೇ ಬಿಲ್ಲು, ಒಂದೇ ಡ್ರೆಸ್ಸು. ಅದನ್ನು 20ರಂದು ಮರಳಿಸಿದರೆ 180 ಬರುತ್ತದೆ, 25ರಂದು ಮರಳಿಸಿದರೆ 75 ಬರುತ್ತದೆ. ಆವೃತ್ತಿಯ ನಂಬರು, ಒತ್ತಿದ ಗುಂಡಿಗಳ ಕ್ರಮ, ಬರಬೇಕಾದದ್ದು, ಬಂದದ್ದು, ಎಲ್ಲ ಸೇರಿ ಎಂಟು ಸಾಲು ಬರೆದು ಎರಡು ಚಿತ್ರ ಲಗತ್ತಿಸಿ ಕಳಿಸಿದ. ಬಯ್ಗುಳದ ಒಂದು ಶಬ್ದ ಅದರಲ್ಲಿರಲಿಲ್ಲ. ದಿವಾಣಜಿಗೆ ಇದು ಅಷ್ಟು ರುಚಿಸಲಿಲ್ಲ.

ಮರುದಿನ ಫೋನ್ ಬಂದದ್ದು ಅವರ ಕಡೆಯಿಂದ. ನಾಲ್ಕನೆಯ ದಿನ ತಿದ್ದಿದ ಆವೃತ್ತಿ ಬಂತು. ದಿವಾಣಜಿ ಮರಳಿದ ಹನ್ನೊಂದು ಡ್ರೆಸ್ಸುಗಳ ಚೀಟಿಗಳನ್ನು ಹೊಸದಾಗಿ ತೆಗೆದು, 1,155 ರೂಪಾಯಿಯ ಫರಕನ್ನು ಸರಿಪಡಿಸಿ, 10ನೇ ತಾರೀಖು ಸಂಜೆ ಲೆಕ್ಕ ತುಂಬಿದರು.