ಬಿಟ್ಟು ಬಂದವನಿಗೆ ಕೆಲಸವೂ ಬೇಕು, ಜೊತೆಯೂ ಬೇಕು

ತಳೇಗಾಂವ ದಾಭಾಡೆಯ ಹೊಟೇಲುಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುವ ನಮ್ಮವರ ನಡುವೆ ಕುಡಿತದ ಮಾತು ಬಂದಾಗಲೆಲ್ಲ ಎರಡೇ ಅಭಿಪ್ರಾಯ ಕೇಳಿಬರುತ್ತವೆ. ‘ಮನಸ್ಸು ಗಟ್ಟಿಯಿದ್ದರೆ ನಾಳೆಯೇ ಬಿಡಬಹುದು’ ಎನ್ನುವವರು ಕೆಲವರು. ‘ಅವನ ಹಣೆಬರಹ, ಊರಿಗೆ ಕಳಿಸಿಬಿಡಿ’ ಎನ್ನುವವರು ಉಳಿದವರು. ಎರಡೂ ತಪ್ಪೆಂದು ನಮ್ಮ ಮತ.

ಮೊದಲನೆಯದು ಅಪಾಯದ ಮಾತು. ವರ್ಷಾನುಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಬಿಡುತ್ತದೆ, ನಿದ್ರೆ ಹಾರುತ್ತದೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಅಲ್ಲಿಂದ ನಾಲ್ಕನೆಯ ದಿನದವರೆಗೆ ಇಲ್ಲದ್ದು ಕಾಣುವುದು, ಯಾರೋ ಹೊಡೆಯಲು ಬಂದರೆಂದು ಕೂಗಾಡುವುದು ಶುರುವಾಗಬಹುದು. ನಿಂಬೆಹಣ್ಣು ನಿವಾಳಿಸುವ ಹೊತ್ತು ಅದಲ್ಲ. ಚಿಕಿತ್ಸೆ ತಪ್ಪಿದರೆ ಪ್ರಾಣ ಹೋಗುವುದುಂಟು. ಆಸ್ಪತ್ರೆಯಲ್ಲಾದರೆ ನಡುಕ ತಗ್ಗಿಸುವ ಗುಳಿಗೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಬಿ-1 ಜೀವಸತ್ತ್ವ ಕೊಡುತ್ತಾರೆ. ತಳೇಗಾಂವದಲ್ಲೇ ಮೆಡಿಕಲ್ ಕಾಲೇಜಿನ ಡಾ. ಭಾವೂಸಾಹೇಬ ಸರದೇಸಾಯಿ ಆಸ್ಪತ್ರೆಯಿದೆ. ನಡುಗುವವನನ್ನು ಖೋಲಿಯಲ್ಲಿ ಕೂಡಿಹಾಕದೆ ಅಲ್ಲಿಗೆ ಕರೆದೊಯ್ಯಿರಿ.

ಜಾಹೀರಾತು ನೋಡಿ ತರಿಸಿದ ಪುಡಿಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ತಾಯಂದಿರಿಗೂ ಒಂದು ಮಾತು. ಡೈಸಲ್ಫಿರಾಂ ಎಂಬ ಗುಳಿಗೆ ನಿಜವಾಗಿಯೂ ಉಂಟು. ಆದರೆ ಅದರ ಮೇಲೆ ಕುಡಿದರೆ ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ತಾನು ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರು ತೆಗೆದುಕೊಳ್ಳತಕ್ಕ ಔಷಧಿ ಅದು. ಗುಟ್ಟಾಗಿ ಹಾಕತಕ್ಕದ್ದಲ್ಲ.

ಇದ್ದು ಚಿಕಿತ್ಸೆ ಪಡೆಯುವುದಕ್ಕೆ ಪುಣೆಯ ಯೆರವಡೆಯಲ್ಲಿ ‘ಮುಕ್ತಾಂಗಣ’ವಿದೆ. ಬ್ರೌನ್ ಶುಗರ್ ತರುಣರನ್ನು ತಿನ್ನುತ್ತಿದ್ದ ಕಾಲದಲ್ಲಿ, 1986ರಲ್ಲಿ, ಡಾ. ಅನಿತಾ ಅವಚಟ ಮತ್ತು ಅವರ ಪತಿ, ಲೇಖಕ ಅನಿಲ ಅವಚಟ ಅದನ್ನು ತೆರೆದರು. ನೆರವಿಗೆ ನಿಂತವರು ಪು.ಲ. ದೇಶಪಾಂಡೆ ದಂಪತಿಗಳು. (ಪು.ಲ. ಕೆಲಕಾಲ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು.) ಅಲ್ಲಿ ಐದು ವಾರ ಇರಬೇಕಾಗುತ್ತದೆ. ಊರಿನ ಕಡೆಯೇ ಆಗಬೇಕೆನ್ನುವವರಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿವೆ, ಬಿಟ್ಟವರು ಮತ್ತೆ ಮತ್ತೆ ಕೂಡಲು ನವಜೀವನ ಸಮಿತಿಗಳಿವೆ. ಆದರೆ ಸರಪಳಿ ಹಾಕಿ, ಹೊಡೆದು ಕುಡಿತ ಬಿಡಿಸುತ್ತೇವೆನ್ನುವ ಜಾಗಕ್ಕೆ ಯಾರನ್ನೂ ಒಪ್ಪಿಸಬೇಡಿರಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸರಪಳಿ ಹಾಕುವುದು ನಿಷಿದ್ಧ.

ಐದು ವಾರ ಕಳೆಯಿತು, ಆಮೇಲೆ? ನಮ್ಮ ಜಗಳ ಇಲ್ಲಿದೆ. ಅವನು ಹಿಂದಿರುಗಿ ಬರುವುದು ಅದೇ ಹೊಟೇಲಿಗೆ. ನಸುಕಿಗೆ ಭಟ್ಟಿಯ ಮುಂದೆ ನಿಂತವನಿಗೆ ರಾತ್ರಿ ಶಟರ್ ಎಳೆಯುವವರೆಗೆ ಕಾಲಿಗೆ ವಿಶ್ರಾಂತಿಯಿಲ್ಲ. ಮಲಗುವುದು ಅದೇ ಮಾಳಿಗೆಯಲ್ಲಿ, ಅದೇ ಗೆಳೆಯರ ಪಕ್ಕದಲ್ಲಿ. ಸಪ್ಲಾಯರ್ ಆದರೆ ದಿನವೂ ಕೈಯಲ್ಲಿ ಟಿಪ್ಸಿನ ಚಿಲ್ಲರೆ. ‘ಒಂದೇ ಪೆಗ್ಗು, ಏನಾಗುತ್ತದೆ?’ ಎಂದು ಕೇಳುವವನು ವೈರಿಯಲ್ಲ, ಕಷ್ಟಕಾಲದಲ್ಲಿ ಸಾಲ ಕೊಟ್ಟವನೇ. ಇವನಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ.

ಅಷ್ಟಕ್ಕೂ ಹಿಂದಿರುಗಲು ಕೆಲಸ ಉಳಿದಿದ್ದರೆ ತಾನೆ! ಧಣಿಗಳು ಒಳ್ಳೆಯ ಮನಸ್ಸಿನಿಂದಲೇ ಟಿಕೇಟು ತೆಗೆಸಿ ಊರಿಗೆ ಕಳಿಸಿದ್ದನ್ನು, ಮರುದಿನವೇ ಆ ಜಾಗಕ್ಕೆ ಬೇರೆ ಹುಡುಗ ಬಂದದ್ದನ್ನು ನಾವು ಒಂದಲ್ಲ, ಹಲವು ಸಲ ಕಂಡಿದ್ದೇವೆ. ಟೈಫಾಯ್ಡ್ ಆದವನ ಜಾಗವನ್ನು ತಿಂಗಳು ಕಾಯುವವರು ಕುಡಿತದ ರೋಗಿಯ ಜಾಗವನ್ನು ಏಕೆ ಕಾಯಬಾರದು? ಇ.ಎಸ್.ಐ. ಕಾರ್ಡಿದ್ದವನು ಅದರ ವೈದ್ಯರನ್ನೇ ಮೊದಲು ಕಾಣಲಿ. ಅನಾರೋಗ್ಯದ ಸರ್ಟಿಫಿಕೇಟು ಸಿಕ್ಕಿ, ವಂತಿಗೆಯ ದಿನಗಳು ತುಂಬಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70ರಷ್ಟು ಸಿಗುತ್ತದೆ. ಕಾರ್ಡೇ ಮಾಡಿಸದ ಹೊಟೇಲುಗಳ ವಿಷಯ ಬೇರೆ ಬರೆಯಬೇಕು.

ಮತ್ತೆ ಜಾರಿದನೆಂದರೆ ಚಿಕಿತ್ಸೆ ಸುಳ್ಳೆಂದು ನಗಬೇಡಿರಿ. ಸಕ್ಕರೆ ಕಾಯಿಲೆ ಏರಿದವನನ್ನು ನಾವು ನಗುವುದಿಲ್ಲ. ಜಾರಿದ ದಿನವೇ ವೈದ್ಯರ ಬಳಿಗೆ ಮರಳಿದರೆ ಬೇಗ ಸುಧಾರಿಸುತ್ತದೆ. ನಾಚಿಕೆಯಿಂದ ಅಡಗಿದರೆ ತಿಂಗಳುಗಳೇ ಹೋಗುತ್ತವೆ. ಕುಡಿತ ಬಿಟ್ಟವರೇ ಕೂಡಿ ಮಾತಾಡುವ ಎ.ಎ. ಸಭೆಗಳು 1935ರಲ್ಲಿ ಅಮೆರಿಕೆಯಲ್ಲಿ ಇಬ್ಬರಿಂದ ಆರಂಭವಾದವು. ಫೀ ಇಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮರಾಠಿ-ಹಿಂದಿಯಲ್ಲಿ ಮನಸ್ಸು ಬಿಚ್ಚಲಾರದವನು 14416ಕ್ಕೆ ಫೋನ್ ಮಾಡಲಿ. 2022ರಲ್ಲಿ ಸರ್ಕಾರ ಆರಂಭಿಸಿದ ಈ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು, ಹಣ ಬೇಡ. ಮಾದಕ ವಸ್ತುಗಳ ವಿಷಯಕ್ಕೆ 14446 ಇದೆ.

ಸಂಘದ ತಳೇಗಾಂವ ಸದಸ್ಯರಿಂದ ನಾವು ಕೇಳುವುದು ಇಷ್ಟು. ಚಿಕಿತ್ಸೆಗೆ ಹೋಗುವವನ ರಜಾ ಅರ್ಜಿಯನ್ನು ಸಂಘದ ಇಬ್ಬರು ಧಣಿಯ ಕೈಗೆ ಕೊಟ್ಟು, ಕೆಲಸ ಕಾದಿಡುವ ಮಾತನ್ನು ಬರಹದಲ್ಲಿ ಪಡೆಯಬೇಕು. ತಪಾಸಣೆಯ ದಿನ ಅವನೊಡನೆ ಲೋಕಲ್ ಗಾಡಿಯಲ್ಲಿ ಪುಣೆಗೆ ಹೋಗಿಬರಲು ಒಬ್ಬ ಜೊತೆಗಾರ ಬೇಕು. ಪಗಾರದ ಸಂಜೆ ಅವನನ್ನು ಒಂಟಿಯಾಗಿ ಬಿಡಬಾರದು. ಹೀಗೆ ಜೊತೆ ಕೊಡಲು ಸಿದ್ಧರಿರುವವರು ಬರುವ ಪಗಾರದೊಳಗೆ ಕಾರ್ಯದರ್ಶಿಗಳಿಗೆ ಹೆಸರು ತಿಳಿಸಬೇಕು. ಚಿಕಿತ್ಸೆ ಬೇಕಾದವರೂ ಅಲ್ಲಿಯೇ ತಿಳಿಸಬಹುದು. ಅವರ ಹೆಸರು ಸಂಘದ ಬೋರ್ಡಿನಲ್ಲಾಗಲಿ ಪತ್ರಿಕೆಯಲ್ಲಾಗಲಿ ಬರುವುದಿಲ್ಲ.